ಮುಕ್ತ ತಂತ್ರಾಂಶದ ಗಣಕಗಳೂ ವೈರಸ್ ರಕ್ಷಣೆಯೂ: ಬೆಂಗಳೂರಿನ ಹೊರವಲಯವನ್ನು ಕುರಿತು ಒಂದು ಚಾರಿತ್ರಿಕ ಪರಿಶೀಲನೆ

೧

ಲಿನಕ್ಸ್ ಮೊದಲಾದ ಮುಕ್ತ ಆಕರದ ಕಾರ್ಯಾಚರಣ ವ್ಯವಸ್ಥೆಗಳಿಂದ ನಡೆಯುವ ಮೇಜಿನ ಗಣಕಗಳಿಗೆ ಆ್ಯಂಟಿವೈರಸ್ ತಂತ್ರಾಂಶವು ಬೇಕೆ, ಬೇಡವೆ ಎಂಬ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ರೂಢಿಯಲ್ಲಿವೆ. ಲಿನಕ್ಸಿಗೆ ವೈರಸ್ ಬರುವುದೇ ಇಲ್ಲ, ಆದುದರಿಂದ ಅದಕ್ಕೆ ಕಾವಲೂ ಬೇಕಾಗಿಲ್ಲ ಎಂಬುದು ಒಂದು ಪಕ್ಷ. ಗಣಕಗಳೆಲ್ಲವೂ ಒಂದೇ, ಪ್ರತಿಯೊಂದಕ್ಕೂ ಕಾವಲಿನ ತಂತ್ರಾಂಶವನ್ನು ಕೊಂಡು ಹಾಕಿಸಲೇಬೇಕು ಎಂಬುದು ಇನ್ನೊಂದು ಪಕ್ಷ. ಮೊದಲನೆಯದನ್ನು ಮುಕ್ತ ತಂತ್ರಾಂಶದ ಅಭಿಮಾನಿಗಳೂ ಎರಡನೆಯದನ್ನು ಮಾರಾಟಗಾರರೂ ಭದ್ರತಾ ತಪಾಸಣೆಯವರೂ ಸಾಮಾನ್ಯವಾಗಿ ಎತ್ತಿ ಹಿಡಿಯುತ್ತಾರೆ. ಕಾಲೇಜಿನ ಪ್ರಯೋಗಶಾಲೆಯ ಹೊಣೆ ಹೊತ್ತ ಅಧ್ಯಾಪಕರು ಈ ಇಬ್ಬರ ನಡುವೆ ಸಿಲುಕಿ, ಹಣವನ್ನು ಎಲ್ಲಿ ವ್ಯಯಿಸಬೇಕೆಂದು ತಿಳಿಯದೆ ನಿಲ್ಲುವುದುಂಟು.

ಇದು ತಂತ್ರಜ್ಞರ ವಿಷಯ, ಚರಿತ್ರೆಯ ಅಭ್ಯಾಸಿಗಳಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ವಿಚಾರಮಾಡಿ ನೋಡಿದರೆ ಎರಡು ಪಕ್ಷಗಳೂ ನಿಂತಿರುವುದು ಚರಿತ್ರೆಯ ಮೇಲೆಯೇ. ‘ಇದುವರೆಗೆ ಬಂದಿಲ್ಲ’ ಎಂಬುದನ್ನು ‘ಬರಲಾರದು’ ಎಂದು ಓದಿದಾಗ ಮೊದಲನೆಯ ಪಕ್ಷವು ಹುಟ್ಟುತ್ತದೆ. ‘ಒಂದು ಬಗೆಯ ಗಣಕಕ್ಕೆ ಬಂದಿತು’ ಎಂಬುದನ್ನು ‘ಎಲ್ಲಕ್ಕೂ ಹಾಗೆಯೇ ಬರುತ್ತದೆ’ ಎಂದು ಓದಿದಾಗ ಎರಡನೆಯದು ಹುಟ್ಟುತ್ತದೆ. ನಡೆದ ಸಂಗತಿಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿ, ಯಾವುದು ಸ್ವಭಾವ, ಯಾವುದು ಸಂದರ್ಭ ಎಂದು ಬೇರ್ಪಡಿಸುವುದು ಚರಿತ್ರೆಯ ಕೆಲಸವೇ ಆಗಿದೆ.

ಪರಿಶೀಲನೆಗೆ ಬೆಂಗಳೂರಿನ ಹೊರವಲಯದ ಮೂರು ಪ್ರದೇಶಗಳನ್ನು ನಾವು ಆರಿಸಿಕೊಂಡಿದ್ದೇವೆ. ಉತ್ತರಪಶ್ಚಿಮದ ಪೀಣ್ಯವು ೧೯೭೦ರ ದಶಕದಲ್ಲಿ ರೂಪುಗೊಂಡ ಸಣ್ಣ ಕೈಗಾರಿಕೆಗಳ ನೆಲೆ. ಎಚ್‌ಎಂಟಿ (೧೯೫೩), ಬಿಇಎಲ್ (೧೯೫೪) ಎಂಬ ಸಾರ್ವಜನಿಕ ಉದ್ಯಮಗಳು ನೆರೆಯ ಜಾಲಹಳ್ಳಿಯ ಸುತ್ತ ಬೆಳೆಸಿದ ಯಂತ್ರವಿದ್ಯೆ ಅದರ ಹಿನ್ನೆಲೆಯಲ್ಲಿದೆ. ದಕ್ಷಿಣದ ಇಲೆಕ್ಟ್ರಾನಿಕ್ಸ್ ಸಿಟಿಯು ೧೯೭೬ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರ ಕಲ್ಪನೆ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ಭೂಮಿಯಲ್ಲಿ ಅದು ತಲೆಯೆತ್ತಿತು. ಪೂರ್ವದ ವೈಟ್‌ಫೀಲ್ಡ್ ೧೮೮೨ರಲ್ಲಿ ಡಿ. ಎಸ್. ವೈಟ್ ಎಂಬವರ ನೇತೃತ್ವದಲ್ಲಿ ಆಂಗ್ಲೋ-ಇಂಡಿಯನ್ನರ ಕೃಷಿ ವಸತಿಯಾಗಿ ಆರಂಭವಾಗಿ, ೧೯೯೦ರ ದಶಕದಲ್ಲಿ ಅಂತರರಾಷ್ಟ್ರೀಯ ಟೆಕ್ ಪಾರ್ಕಿನ ಸ್ಥಾಪನೆಯಿಂದ ಬೇರೆಯೇ ರೂಪವನ್ನು ತಾಳಿತು. ಲೋಹವನ್ನು ಕೊರೆಯುವವರೂ ತಂತ್ರಾಂಶವನ್ನು ಬರೆಯುವವರೂ ಅನ್ಯದೇಶದ ಬ್ಯಾಂಕುಗಳ ಲೆಕ್ಕವನ್ನು ನೋಡಿಕೊಳ್ಳುವವರೂ ಒಂದೇ ನಗರದ ಅಂಚಿನಲ್ಲಿ ನೆಲೆಸಿರುವುದರಿಂದ, ನಮ್ಮ ಪ್ರಶ್ನೆಯ ಮುಖಗಳೆಲ್ಲವೂ ಇಲ್ಲಿ ಕಾಣಸಿಗುತ್ತವೆ.

೨

ಯುನಿಕ್ಸ್ ವಂಶದ ವ್ಯವಸ್ಥೆಗಳಿಗೆ ವೈರಸ್ ತಗಲದು ಎಂಬ ಮಾತನ್ನು ಚರಿತ್ರೆಯು ಮೊದಲ ಪುಟದಲ್ಲಿಯೇ ಅಲ್ಲಗಳೆಯುತ್ತದೆ. ಕಂಪ್ಯೂಟರ್ ವೈರಸ್ ಎಂಬ ಹೆಸರಿನಿಂದ ನಡೆದ ಮೊದಲ ಶಾಸ್ತ್ರೀಯ ಪ್ರಯೋಗವು ೧೯೮೩ರ ನವೆಂಬರಿನಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ಅಲ್ಲಿನ ವಿದ್ಯಾರ್ಥಿ ಫ್ರೆಡ್ ಕೋಹೆನ್ ಆ ಪ್ರಯೋಗವನ್ನು ಮಾಡಿದ್ದು ಯುನಿಕ್ಸ್ ನಡೆಯುತ್ತಿದ್ದ ವ್ಯಾಕ್ಸ್ ೧೧/೭೫೦ ಎಂಬ ಗಣಕದ ಮೇಲೆ. ಸಾಧಾರಣ ಬಳಕೆದಾರನ ಅಧಿಕಾರದಿಂದ ಹೊರಟ ಆ ತಂತ್ರಾಂಶವು ಪ್ರತಿ ಸಲವೂ ಒಂದು ಗಂಟೆಯೊಳಗೆ ಇಡೀ ವ್ಯವಸ್ಥೆಯ ಅಧಿಕಾರವನ್ನು ಪಡೆಯಿತು. ವ್ಯವಸ್ಥೆಯ ಕಟ್ಟಡದಲ್ಲಿ ಬಿರುಕನ್ನು ಹುಡುಕದೆ, ಬಳಕೆದಾರರು ಒಬ್ಬರ ತಂತ್ರಾಂಶವನ್ನು ಇನ್ನೊಬ್ಬರು ನಂಬಿ ನಡೆಸುತ್ತಿದ್ದ ಅಭ್ಯಾಸವನ್ನೇ ಅದು ದಾರಿಯಾಗಿ ಬಳಸಿತು ಎಂಬುದು ಗಮನಾರ್ಹ. ೧೯೮೮ರ ನವೆಂಬರ್ ೨ರಂದು ಹೊರಬಿದ್ದ ಮಾರಿಸ್ ಹುಳು ಕೂಡ ಬಿಎಸ್‌ಡಿ ಯುನಿಕ್ಸ್ ನಡೆಸುತ್ತಿದ್ದ ವ್ಯಾಕ್ಸ್ ಮತ್ತು ಸನ್ ಯಂತ್ರಗಳನ್ನೇ ಹಿಡಿಯಿತು. ಆಗಿನ ಅಂದಾಜಿನಂತೆ ಸುಮಾರು ೬,೦೦೦ ಯಂತ್ರಗಳು ಅದಕ್ಕೆ ಸಿಲುಕಿದವು.

ಹಾಗಾದರೆ ವೈರಸ್ ಎಂದೊಡನೆ ಜನರ ಮನಸ್ಸಿಗೆ ಪರ್ಸನಲ್ ಕಂಪ್ಯೂಟರೇ ಬರುವುದೇಕೆ? ಉತ್ತರವು ಫ್ಲಾಪಿಯಲ್ಲಿದೆ. ೧೯೮೬ರಲ್ಲಿ ಲಾಹೋರಿನಿಂದ ಹೊರಟ ‘ಬ್ರೇನ್’ ವೈರಸ್ ಫ್ಲಾಪಿಯ ಮೊದಲ ಭಾಗದಲ್ಲಿ ಅಡಗಿ ಕೈಯಿಂದ ಕೈಗೆ ಸಾಗಿತು. ೧೯೯೦ರ ಜೂನಿನಲ್ಲಿ ಭಾರತದಲ್ಲಿ ಪತ್ತೆಯಾದ ‘ಜೋಶಿ’ ವೈರಸ್ಸು ಪ್ರತಿವರ್ಷ ಜನವರಿ ೫ರಂದು ಗಣಕವನ್ನು ತಡೆದು ನಿಲ್ಲಿಸಿ, ಜೋಶಿಗೆ ಹುಟ್ಟುಹಬ್ಬದ ಶುಭಾಶಯವನ್ನು ಟೈಪು ಮಾಡುವಂತೆ ಕೇಳುತ್ತಿತ್ತು. ಡಾಸ್ ವ್ಯವಸ್ಥೆಯಲ್ಲಿ ಒಡೆಯ, ಬಳಕೆದಾರ ಎಂಬ ಭೇದವೇ ಇರಲಿಲ್ಲ. ಯಂತ್ರದ ಮುಂದೆ ಕುಳಿತವನಿಗೂ ಅವನು ನಡೆಸಿದ ತಂತ್ರಾಂಶಕ್ಕೂ ಎಲ್ಲ ಅಧಿಕಾರವೂ ಇದ್ದಿತು. ಆ್ಯಂಟಿವೈರಸ್ ಎಂಬ ಉದ್ಯಮವು ಬೆಳೆದದ್ದು ಈ ಮಣ್ಣಿನಲ್ಲಿ. ತಿಳಿದ ವೈರಸ್ಸುಗಳ ಗುರುತುಗಳ ಪಟ್ಟಿಯನ್ನಿಟ್ಟುಕೊಂಡು ಪ್ರತಿಯೊಂದು ಕಡತವನ್ನೂ ಅದಕ್ಕೆ ಹೋಲಿಸಿ ನೋಡುವುದು ಅದರ ಮೂಲವಿಧಾನ.

೩

೧೯೯೧ನೆಯ ವರ್ಷವು ಪ್ರಕೃತ ವಿಷಯದಲ್ಲಿ ಎರಡು ಕಾರಣಗಳಿಂದ ಸ್ಮರಣೀಯವಾದುದು. ಲಿನಸ್ ಟೋರ್ವಾಲ್ಡ್ಸ್ ತಮ್ಮ ಲಿನಕ್ಸ್ ಕರ್ನೆಲನ್ನು ಪ್ರಕಟಿಸಿದ್ದು ಆ ವರ್ಷ. ತಂತ್ರಾಂಶದ ರಫ್ತಿಗೆಂದು ಭಾರತ ಸರ್ಕಾರವು ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳ ಸಂಸ್ಥೆಯನ್ನು ಸ್ಥಾಪಿಸಿದ್ದೂ ಆ ವರ್ಷವೇ; ಅದರ ಬೆಂಗಳೂರು ಕೇಂದ್ರವು ಇಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ನೆಲೆಗೊಂಡಿತು. ಮುಂದೆ ಬೆಂಗಳೂರಿನಲ್ಲಿ ಲಿನಕ್ಸ್ ಬಳಕೆದಾರರ ಕೂಟವು ಬೆಳೆದು, ೨೦೦೧ರಿಂದ ‘ಲಿನಕ್ಸ್ ಬೆಂಗಳೂರು’ ಎಂಬ ವಾರ್ಷಿಕ ಸಮ್ಮೇಳನವು ನಡೆಯಿತು. ೨೦೦೫ರಲ್ಲಿ ಅದು ‘ಫಾಸ್ ಡಾಟ್ ಇನ್’ ಎಂಬ ಹೆಸರನ್ನು ತಾಳಿತು. ಅದರ ಸಂಘಟಕರಲ್ಲಿ ಪ್ರಮುಖರಾಗಿದ್ದ ಅತುಲ್ ಚಿಟ್ನಿಸ್ ೨೦೧೩ರಲ್ಲಿ ತೀರಿಕೊಂಡರು. ಕನ್ನಡದ ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಅಕ್ಷರಶೈಲಿಗಳು ಡೆಬಿಯನ್ ಮೊದಲಾದ ಲಿನಕ್ಸ್ ವಿತರಣೆಗಳಲ್ಲಿ ಸೇರಿದ್ದು ಇದೇ ಬೆಳವಣಿಗೆಯ ಇನ್ನೊಂದು ಮುಖ.

ಈ ಅವಧಿಯಲ್ಲಿ ಲಿನಕ್ಸಿಗೆ ಸೋಂಕು ಬರಲಿಲ್ಲವೆ? ಬಂದಿತು. ೧೯೯೬ರಲ್ಲಿ ‘ಸ್ಟಾಗ್’, ೧೯೯೭ರಲ್ಲಿ ‘ಬ್ಲಿಸ್’ ಎಂಬ ವೈರಸ್ಸುಗಳು ಕಾಣಿಸಿಕೊಂಡವು. ಬಳಕೆದಾರನು ಕೇಳಿಕೊಂಡರೆ ತಾನು ಕೆಡಿಸಿದ ಕಡತಗಳನ್ನು ತಾನೇ ಸರಿಪಡಿಸುವ ಏರ್ಪಾಡು ಬ್ಲಿಸ್‌ನಲ್ಲಿ ಇದ್ದಿತು. ಎರಡೂ ವ್ಯಾಪಕವಾಗಿ ಹರಡಲಿಲ್ಲ. ೨೦೦೧ರ ‘ರಾಮೆನ್’ ಮತ್ತು ‘ಲಯನ್’, ೨೦೦೨ರ ‘ಸ್ಲ್ಯಾಪರ್’ ಎಂಬ ಹುಳುಗಳು ಹೆಚ್ಚು ಹಾನಿಕರವಾಗಿದ್ದವು. ಆದರೆ ಇವು ಸರ್ವರುಗಳ ಜಾಲಸೇವೆಗಳಲ್ಲಿದ್ದ ದೋಷಗಳ ಮೂಲಕ ನುಗ್ಗಿದವು, ಮತ್ತು ಮೂರರಲ್ಲಿಯೂ ದೋಷದ ತಿದ್ದುಪಡಿಯು ಹುಳು ಬರುವ ಮೊದಲೇ ಪ್ರಕಟವಾಗಿದ್ದಿತು. ತಿದ್ದುಪಡಿಯನ್ನು ಹಾಕಿಕೊಂಡ ಯಂತ್ರಕ್ಕೆ ಆ್ಯಂಟಿವೈರಸ್ ಬೇಕಾಗಲಿಲ್ಲ. ಹಾಕಿಕೊಳ್ಳದ ಯಂತ್ರಕ್ಕೆ ಬಾಗಿಲೇ ತೆರೆದಿದ್ದಿತು.

ಮೇಜಿನ ಗಣಕಗಳ ಕಥೆ ಬೇರೆ ದಾರಿಯಲ್ಲಿ ಸಾಗಿತು. ೨೦೦೯ರ ಡಿಸೆಂಬರಿನಲ್ಲಿ ಗ್ನೋಮ್ ಮೇಜಿನ ಅಲಂಕಾರಗಳನ್ನು ಹಂಚುವ ತಾಣವೊಂದರಲ್ಲಿ ಸ್ಕ್ರೀನ್‌ಸೇವರಿನ ವೇಷದಲ್ಲಿ ದುಷ್ಟ ತಂತ್ರಾಂಶವು ಸಿಕ್ಕಿತು. ೨೦೧೬ರ ಫೆಬ್ರವರಿ ೨೦ರಂದು ಲಿನಕ್ಸ್ ಮಿಂಟ್ ವಿತರಣೆಯ ತಾಣಕ್ಕೇ ಕನ್ನ ಹಾಕಿದವರು, ಹಿಂಬಾಗಿಲನ್ನಿಟ್ಟ ಪ್ರತಿಯನ್ನು ಜನರು ಇಳಿಸಿಕೊಳ್ಳುವಂತೆ ಮಾಡಿದರು. ೨೦೧೮ರಲ್ಲಿ ಆರ್ಚ್ ಲಿನಕ್ಸಿನ ಬಳಕೆದಾರರ ಭಂಡಾರದಲ್ಲಿ ವಾರಸುದಾರರಿಲ್ಲದೆ ಬಿದ್ದಿದ್ದ ಒಂದು ತಂತ್ರಾಂಶವನ್ನು ಅಪರಿಚಿತನೊಬ್ಬನು ವಹಿಸಿಕೊಂಡು ಅದರಲ್ಲಿ ವಿಷವನ್ನು ಬೆರೆಸಿದನು. ಈ ಮೂರರಲ್ಲಿಯೂ ಗೋಡೆ ಒಡೆದು ಬಂದ ಕಳ್ಳನಿಲ್ಲ. ಅತಿಥಿಯೆಂದು ಮನೆಯವರೇ ಬಾಗಿಲು ತೆರೆದು ಕರೆದುಕೊಂಡವನು ಇದ್ದಾನೆ.

೪

ಇಷ್ಟಾದರೂ ಲಿನಕ್ಸ್ ಮೇಜಿನ ಗಣಕಗಳಲ್ಲಿ ಸೋಂಕು ವಿರಳವಾಗಿಯೇ ಉಳಿಯಿತೆಂಬುದು ನಿಜ. ಇದಕ್ಕೆ ಐದು ಕಾರಣಗಳನ್ನು ಹೇಳಬಹುದು. ಬಳಕೆದಾರರು ಅಲ್ಪಸಂಖ್ಯೆಯಲ್ಲಿದ್ದರು, ಅವರಲ್ಲಿ ಬಹುಮಂದಿ ತಿಳಿದವರಾಗಿದ್ದರು, ವಿತರಣೆಗಳು ನಾನಾ ಬಗೆಯವಾಗಿದ್ದವು, ತಂತ್ರಾಂಶವು ಡಿಜಿಟಲ್ ಸಹಿಯುಳ್ಳ ಒಂದೇ ಭಂಡಾರದಿಂದ ಬರುತ್ತಿದ್ದಿತು, ಸಾಧಾರಣ ಬಳಕೆದಾರನಿಗೂ ‘ರೂಟ್’ ಎಂಬ ಒಡೆಯನಿಗೂ ನಡುವೆ ಗಡಿಯಿದ್ದಿತು. ಇವುಗಳಲ್ಲಿ ಮೊದಲ ಮೂರು ಸಂದರ್ಭದಿಂದ ಬಂದವು. ಬಳಕೆಯು ಹೆಚ್ಚಿದಷ್ಟೂ ಅವು ಸವೆಯುತ್ತವೆ. ಕೊನೆಯ ಎರಡು ಮಾತ್ರ ವ್ಯವಸ್ಥೆಗೆ ಸೇರಿದವು. ಪಾಲಿಸಿದರೆ ಉಳಿಯುತ್ತವೆ, ಪಾಲಿಸದಿದ್ದರೆ ಅವೂ ಇಲ್ಲ. ಆಕರವು ಮುಕ್ತವಾಗಿದೆ ಎಂಬ ಒಂದೇ ಗುಣವು ತಾನಾಗಿ ಯಾವ ಯಂತ್ರವನ್ನೂ ಕಾಯಲಿಲ್ಲ.

ಭಂಡಾರದ ಶಿಸ್ತು ಏನನ್ನು ಸಾಧಿಸಬಲ್ಲದೆಂಬುದಕ್ಕೆ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳನ್ನು ಹೋಲಿಕೆಗಾಗಿ ನೋಡಬಹುದು. ಕೇರಳದಲ್ಲಿ ೨೦೦೧ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯು ಕ್ರಮೇಣ ಮುಕ್ತ ತಂತ್ರಾಂಶವನ್ನೇ ಆಶ್ರಯಿಸಿತು. ೨೦೧೭ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. ಆ ರಾಜ್ಯದ ಇತರ ಶಾಲೆಗಳಂತೆ ಕಾಸರಗೋಡಿನ ಶಾಲೆಗಳಿಗೂ ಒಂದೇ ಸಾರ್ವಜನಿಕ ಸಂಸ್ಥೆಯು ಸಿದ್ಧಪಡಿಸಿದ ಒಂದೇ ವಿತರಣೆಯು ಬರುತ್ತದೆ. ಯಾರ ಕೈಯಿಂದ ತಂತ್ರಾಂಶವು ಬಂದಿತೆಂಬ ಪ್ರಶ್ನೆಗೆ ಅಲ್ಲಿ ಒಂದೇ ಉತ್ತರವುಂಟು. ಬೆಂಗಳೂರಿನ ಹೊರವಲಯದಲ್ಲಿ ಈ ಏಕತೆಯು ಸಾಧ್ಯವಿಲ್ಲ. ಅಲ್ಲಿ ಪ್ರತಿಯೊಂದು ಶೆಡ್ಡೂ ಪ್ರತಿಯೊಂದು ಕಚೇರಿಯೂ ತನ್ನದೇ ಆದ ಏರ್ಪಾಡನ್ನು ಹೊಂದಿರುತ್ತದೆ.

ಒಡೆಯ-ಬಳಕೆದಾರ ಭೇದದ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಅದು ವ್ಯವಸ್ಥೆಯನ್ನು ಕಾಯುತ್ತದೆ, ಬಳಕೆದಾರನ ಕಡತಗಳನ್ನಲ್ಲ. ದೇವಸ್ಥಾನದ ಗರ್ಭಗುಡಿಗೆ ಬಲವಾದ ಬೀಗವಿದ್ದ ಮಾತ್ರಕ್ಕೆ ಛತ್ರದಲ್ಲಿ ಮಲಗಿದ ಯಾತ್ರಿಕರ ಗಂಟು ಸುರಕ್ಷಿತವೆಂದು ಹೇಳಲಾಗದು. ಪೀಣ್ಯದ ಚಿಕ್ಕ ಕಾರ್ಖಾನೆಯೊಂದರಲ್ಲಿ ಬೆಲೆಯುಳ್ಳದ್ದು ಕಾರ್ಯಾಚರಣ ವ್ಯವಸ್ಥೆಯಲ್ಲ, ಅದನ್ನು ಒಂದು ಗಂಟೆಯಲ್ಲಿ ಮತ್ತೆ ಹಾಕಿಕೊಳ್ಳಬಹುದು. ಗಿರಾಕಿಯು ನಂಬಿಕೆಯಿಂದ ಕೊಟ್ಟ ಬಿಡಿಭಾಗದ ನಕ್ಷೆ ಬೆಲೆಯುಳ್ಳದ್ದು. ಆ ನಕ್ಷೆಯನ್ನು ಕದಿಯುವುದಕ್ಕಾಗಲಿ, ಬೀಗ ಹಾಕಿ ಹಣ ಕೇಳುವುದಕ್ಕಾಗಲಿ ರೂಟ್ ಅಧಿಕಾರವು ಬೇಕಾಗಿಲ್ಲ.

೫

ಈಗ ಮೂರು ಪ್ರದೇಶಗಳಿಗೆ ಬರೋಣ. ಪೀಣ್ಯದಂತಹ ನೆಲೆಯಲ್ಲಿ ಗಣಕವು ಒಂಟಿಯಾಗಿರುವುದಿಲ್ಲ. ಗಿರಾಕಿಯಿಂದ ಇಮೇಲಿನಲ್ಲಿಯೋ ಪೆನ್‌ಡ್ರೈವಿನಲ್ಲಿಯೋ ನಕ್ಷೆ ಬರುತ್ತದೆ; ಕಚೇರಿಯ ಗಣಕದಿಂದ ಸಿಎನ್‌ಸಿ ಯಂತ್ರದ ಪಕ್ಕದ ಗಣಕಕ್ಕೆ ಹೋಗುತ್ತದೆ; ಅಲ್ಲಿಂದ ಶಾಖಸಂಸ್ಕಾರಕ್ಕೋ ಲೇಪನಕ್ಕೋ ಕೆಲಸವನ್ನು ಒಪ್ಪಿಸುವ ಇನ್ನೊಂದು ಶೆಡ್ಡಿಗೆ ಸಾಗುತ್ತದೆ. ಇವುಗಳ ನಡುವೆ ಒಂದು ಯಂತ್ರವು ಲಿನಕ್ಸಿನದಾಗಿದ್ದರೆ, ವಿಂಡೋಸಿನ ವೈರಸ್ ಅದರ ಮೇಲೆ ಕೆಲಸ ಮಾಡದು. ಆದರೆ ಅದರ ಮೂಲಕ ಹಾದುಹೋಗಬಲ್ಲದು. ತಾನು ಕಾಯಿಲೆ ಬೀಳದೆ ಊರಿಗೆ ಕಾಯಿಲೆಯನ್ನು ಹಂಚುವವನ ಸ್ಥಿತಿ ಅದರದು. ಮುಕ್ತ ಆಕರದ ಆ್ಯಂಟಿವೈರಸ್ಸುಗಳಲ್ಲಿ ಪ್ರಸಿದ್ಧವಾದ ಕ್ಲಾಮ್‌ಎವಿ ೨೦೦೨ರಲ್ಲಿ ಪ್ರಕಟವಾದಾಗ ಅದರ ಮುಖ್ಯ ನೆಲೆಯು ಅಂಚೆಯ ಸರ್ವರುಗಳಾಗಿದ್ದುದು ಆಕಸ್ಮಿಕವಲ್ಲ. ಯುನಿಕ್ಸ್ ಯಂತ್ರದ ಮೇಲೆ ಕುಳಿತು, ವಿಂಡೋಸ್ ಯಂತ್ರಗಳಿಗೆ ಹೋಗುವ ಪತ್ರಗಳನ್ನು ಶೋಧಿಸುವುದು ಅದರ ಕೆಲಸವಾಗಿದ್ದಿತು. ಲಿನಕ್ಸಿನಲ್ಲಿ ಆ್ಯಂಟಿವೈರಸ್ ಮೊದಲು ನೆಲೆಯೂರಿದ್ದು ನೆರೆಯವರ ರಕ್ಷಣೆಗಾಗಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಹಾದುಹೋಗುವ ದಾರಿಯೇ ಕೆಲವೊಮ್ಮೆ ಗುರಿಯೂ ಆಗುತ್ತದೆ. ೨೦೧೭ರ ಮೇ ೧೨ರಂದು ‘ವಾನ್ನಾಕ್ರೈ’ ಎಂಬ ಸುಲಿಗೆಯ ಹುಳು ವಿಂಡೋಸಿನ ಕಡತ-ಹಂಚಿಕೆಯ ಸೇವೆಯ ಮೂಲಕ ಜಗತ್ತಿನಾದ್ಯಂತ ಹರಡಿತು. ಅದರ ತಿದ್ದುಪಡಿಯು ಮಾರ್ಚಿಯಲ್ಲಿಯೇ ಹೊರಬಂದಿದ್ದಿತು. ಲಿನಕ್ಸಿನವರು ನಿಟ್ಟುಸಿರು ಬಿಡುವಷ್ಟರಲ್ಲಿ, ಹನ್ನೆರಡು ದಿನಗಳ ತರುವಾಯ, ಅದೇ ಕೆಲಸಕ್ಕಾಗಿ ಲಿನಕ್ಸಿನಲ್ಲಿ ಬಳಕೆಯಲ್ಲಿರುವ ‘ಸಾಂಬಾ’ ತಂತ್ರಾಂಶದಲ್ಲಿ ೨೦೧೦ರಿಂದಲೂ ಅಡಗಿದ್ದ ಗಂಭೀರ ದೋಷವು ಪ್ರಕಟವಾಯಿತು. ನಕ್ಷೆಗಳ ಫೋಲ್ಡರನ್ನು ಹತ್ತು ಗಣಕಗಳಿಗೆ ಹಂಚುವುದು ಇಂತಹ ಸೇವೆಯೇ. ಇಲ್ಲಿ ಗುರುತುಗಳ ಪಟ್ಟಿಗಿಂತ ಮೊದಲು ಬೇಕಾದುದು ಸಕಾಲದ ತಿದ್ದುಪಡಿ; ಅದಕ್ಕೂ ಮೊದಲು, ಜಾಲದಿಂದ ಬೇರ್ಪಡಿಸಿ ಎತ್ತಿಟ್ಟ ಇನ್ನೊಂದು ಪ್ರತಿ.

೬

ಇಲೆಕ್ಟ್ರಾನಿಕ್ಸ್ ಸಿಟಿ, ವೈಟ್‌ಫೀಲ್ಡುಗಳ ಕಚೇರಿಗಳಲ್ಲಿ ಪ್ರಶ್ನೆಯನ್ನು ನಿರ್ಣಯಿಸುವವನು ಬಳಕೆದಾರನಲ್ಲ, ಒಪ್ಪಂದ. ಪಿಸಿಐ ಡಿಎಸ್‌ಎಸ್ ಎಂದು ಹೆಸರಾದ, ಪಾವತಿ ಕಾರ್ಡುಗಳ ಉದ್ಯಮದ ಭದ್ರತಾ ಮಾನದಂಡವನ್ನೇ ನೋಡಬಹುದು. ವೈರಸ್ ಸಾಮಾನ್ಯವಾಗಿ ತಗಲುವ ವ್ಯವಸ್ಥೆಗಳಿಗೆ ಆ್ಯಂಟಿವೈರಸ್ ಬೇಕೆಂದ ಅದರ ೨೦೦೬ರ ಆವೃತ್ತಿಯು, ಯುನಿಕ್ಸ್ ಮೂಲದ ವ್ಯವಸ್ಥೆಗಳು ಸಾಧಾರಣವಾಗಿ ಆ ಗುಂಪಿಗೆ ಸೇರವೆಂಬ ಟಿಪ್ಪಣಿಯನ್ನು ಒಳಗೊಂಡಿದ್ದಿತು. ೨೦೦೮ರ ಆವೃತ್ತಿಯಲ್ಲಿ ಆ ಟಿಪ್ಪಣಿಯು ಮಾಯವಾಯಿತು. ೨೦೨೨ರ ಮಾರ್ಚಿಯಲ್ಲಿ ಬಂದ ನಾಲ್ಕನೆಯ ಆವೃತ್ತಿಯು ಎಲ್ಲ ವ್ಯವಸ್ಥೆಗಳಿಗೂ ದುಷ್ಟ ತಂತ್ರಾಂಶದಿಂದ ರಕ್ಷಣೆ ಬೇಕೆಂದಿತು. ಅಪಾಯವಿಲ್ಲವೆಂದು ನಿಯತಕಾಲಿಕ ಪರಿಶೀಲನೆಯಿಂದ ತೋರಿಸಿದ ಯಂತ್ರಗಳಿಗೆ ಮಾತ್ರ ವಿನಾಯಿತಿ. ಹದಿನಾರು ವರ್ಷಗಳಲ್ಲಿ ಪ್ರಮಾಣಭಾರವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾದುದನ್ನು ಇಲ್ಲಿ ಕಾಣುತ್ತೇವೆ. ಮೊದಲು ಅಪಾಯವಿದೆಯೆಂದು ತೋರಿಸಬೇಕಾಗಿದ್ದಿತು; ಈಗ ಅಪಾಯವಿಲ್ಲವೆಂದು ತೋರಿಸಬೇಕಾಗಿದೆ. ಭಾರತದ ಸರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲ್ ೨೮ರ ಆದೇಶದಲ್ಲಿ, ನಿರ್ದಿಷ್ಟ ಬಗೆಯ ಭದ್ರತಾ ಘಟನೆಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದೂ ದಾಖಲೆಗಳನ್ನು ೧೮೦ ದಿನಗಳ ಕಾಲ ಉಳಿಸಿಕೊಳ್ಳಬೇಕೆಂದೂ ವಿಧಿಸಿದಾಗ, ಯಂತ್ರವು ಯಾವ ವ್ಯವಸ್ಥೆಯದೆಂಬ ಭೇದವನ್ನು ಮಾಡಲಿಲ್ಲ.

ಈ ಬದಲಾವಣೆಯು ಕೇವಲ ಕಾಗದದ ಮೇಲಿನದೆಂದು ತಳ್ಳಿಹಾಕಲಾಗದು. ಸಿ-ಡ್ಯಾಕ್ ಸಂಸ್ಥೆಯು ೨೦೦೭ರಲ್ಲಿ ಹೊರತಂದ ‘ಬಾಸ್’ ಲಿನಕ್ಸ್ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಬಳಕೆಗೆ ಬಂದ ಬಳಿಕ, ಅದನ್ನೇ ಗುರಿಯಾಗಿಟ್ಟ ದಾಳಿಗಳು ತೋರಿಬಂದವು. ೨೦೨೫ರ ಆಗಸ್ಟಿನಲ್ಲಿ ಸಂಶೋಧಕರು ವರದಿ ಮಾಡಿದ ದಾಳಿಯಲ್ಲಿ, ಸಭೆಯ ಪತ್ರದಂತೆ ಕಾಣುವ ಒಂದು ಶಾರ್ಟ್‌ಕಟ್ ಕಡತವನ್ನು ಇಮೇಲಿನಲ್ಲಿ ಕಳುಹಿಸಲಾಗಿದ್ದಿತು. ತೆರೆದರೆ ಪತ್ರವೂ ಕಾಣುತ್ತಿದ್ದಿತು, ಹಿಂದಿನಿಂದ ದುಷ್ಟ ತಂತ್ರಾಂಶವೂ ಇಳಿಯುತ್ತಿದ್ದಿತು. ಅಲ್ಪಸಂಖ್ಯೆಯೇ ರಕ್ಷಣೆ ಎಂಬ ಕಾಲವು, ಆ ಅಲ್ಪಸಂಖ್ಯಾತರೇ ಬೇಕಾದವರಾದಾಗ ಮುಗಿಯಿತು. ೨೦೨೩ರಲ್ಲಿ ರಕ್ಷಣಾ ಸಚಿವಾಲಯವು ಉಬುಂಟು ಆಧಾರಿತ ‘ಮಾಯಾ’ ವ್ಯವಸ್ಥೆಯನ್ನು ತನ್ನ ಗಣಕಗಳಿಗಾಗಿ ಸಿದ್ಧಪಡಿಸಿದಾಗ, ಅದರೊಡನೆ ‘ಚಕ್ರವ್ಯೂಹ’ ಎಂಬ ರಕ್ಷಣಾ ತಂತ್ರಾಂಶವನ್ನೂ ಸೇರಿಸಿದ್ದು ಇದನ್ನರಿತೇ ಇರಬೇಕು.

೭

ಹಾಗಾದರೆ ಎರಡನೆಯ ಪಕ್ಷವೇ ಗೆದ್ದಿತೆ? ಅದೂ ಅಲ್ಲ. ವೈರಸ್ಸಿಗೆ ಹೆಸರು ಸಿಕ್ಕ ಆ ಸಂಶೋಧನೆಯಲ್ಲಿಯೇ ಕೋಹೆನ್, ಪ್ರತಿಯೊಂದು ವೈರಸ್ಸನ್ನೂ ತಪ್ಪದೆ ಗುರುತಿಸುವ ತಂತ್ರಾಂಶವು ತಾತ್ವಿಕವಾಗಿಯೇ ಅಸಾಧ್ಯವೆಂದು ತೋರಿಸಿದ್ದರು. ೨೦೨೪ರ ಮಾರ್ಚಿ ೨೯ರಂದು ಬಯಲಾದ ‘ಎಕ್ಸ್‌ಜೆಡ್’ ಪ್ರಕರಣವು ಇದಕ್ಕೆ ಸಾಕ್ಷಿ. ವರ್ಷಗಳ ಕಾಲ ಸಹಾಯಕನಂತೆ ನಟಿಸಿ ನಂಬಿಕೆ ಗಳಿಸಿದ ಒಬ್ಬ ವ್ಯಕ್ತಿ, ಲಿನಕ್ಸಿನ ಸಹಿಯುಳ್ಳ ಭಂಡಾರಗಳಿಗೇ ಹಿಂಬಾಗಿಲನ್ನು ಸೇರಿಸಿದ್ದನು. ಅದನ್ನು ಹಿಡಿದದ್ದು ಆ್ಯಂಟಿವೈರಸ್ ಅಲ್ಲ. ದೂರಪ್ರವೇಶಕ್ಕೆ ಅರ್ಧ ಸೆಕೆಂಡು ಹೆಚ್ಚಾಗಿ ತಗಲುತ್ತಿರುವುದೇಕೆಂದು ಶೋಧಿಸಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು. ಆಕರವು ಮುಕ್ತವಾಗಿದ್ದುದರಿಂದ ಅವರು ಬುಡದವರೆಗೆ ಹೋಗಿ ನೋಡಲು ಸಾಧ್ಯವಾಯಿತು. ಆದರೆ ಮುಕ್ತವಾಗಿದ್ದೂ ಅದು ಅಷ್ಟು ದೂರ ಬಂದಿದ್ದಿತು ಎಂಬುದನ್ನೂ ಮರೆಯುವಂತಿಲ್ಲ.

ಕಾವಲುಗಾರನೂ ಮನೆಯೊಳಗಿನವನೇ ಎಂಬುದು ಇನ್ನೊಂದು ಮಾತು. ಕಾಯುವ ತಂತ್ರಾಂಶಕ್ಕೆ ಎಲ್ಲವನ್ನೂ ನೋಡುವ ಅಧಿಕಾರವನ್ನು ಕೊಟ್ಟಿರುತ್ತೇವೆ. ಅದು ಎಡವಿದರೆ ಮನೆಯೇ ಬೀಳುತ್ತದೆ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಯುಕ್ತ ತಿದ್ದುಪಡಿಯಿಂದ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು. ಬೆಂಗಳೂರು ಸೇರಿದಂತೆ ನಮ್ಮ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರು ಕಾದು ನಿಲ್ಲಬೇಕಾಯಿತು.

೮

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯವಿಷ್ಟು. ಮುಕ್ತ ತಂತ್ರಾಂಶದ ಗಣಕವು ಸೋಂಕಿನಿಂದ ದೂರವಿದ್ದುದು ಅದರ ಸ್ವಭಾವದಿಂದಲ್ಲ, ಅದರ ಸುತ್ತ ಕಟ್ಟಿದ ಏರ್ಪಾಡಿನಿಂದ. ಆದುದರಿಂದ ‘ಯಾವ ವ್ಯವಸ್ಥೆ’ ಎಂದು ಕೇಳುವುದಕ್ಕಿಂತ ‘ಎಲ್ಲಿ ನಿಂತಿದೆ, ಯಾರೊಡನೆ ಕಡತಗಳ ಕೊಡುಕೊಳೆ’ ಎಂದು ಕೇಳುವುದು ಉಚಿತ. ಸಹಿಯುಳ್ಳ ಭಂಡಾರದಿಂದ ಮಾತ್ರ ತಂತ್ರಾಂಶವನ್ನು ಪಡೆದು, ತಿದ್ದುಪಡಿಗಳನ್ನು ತಪ್ಪದೆ ಹಾಕಿಕೊಳ್ಳುವ ಕಾಲೇಜಿನ ಪ್ರಯೋಗಶಾಲೆಗೆ ಹಣ ಕೊಟ್ಟು ಆ್ಯಂಟಿವೈರಸ್ ಕೊಳ್ಳುವ ಅಗತ್ಯವು ಕಾಣುವುದಿಲ್ಲ. ಆ ಹಣದಿಂದ ಕಡತಗಳ ಇನ್ನೊಂದು ಪ್ರತಿಯನ್ನು ಇಡುವ ಏರ್ಪಾಡು ಮಾಡುವುದು ಮೇಲು. ವಿಂಡೋಸ್ ಯಂತ್ರಗಳ ನಡುವೆ ನಿಂತ ಪೀಣ್ಯದ ಲಿನಕ್ಸ್ ಗಣಕಕ್ಕೆ ಪೆನ್‌ಡ್ರೈವ್, ಇಮೇಲುಗಳನ್ನು ಶೋಧಿಸುವ ಕ್ಲಾಮ್‌ಎವಿಯಂತಹ ಸಾಧನವು ಬೇಕು; ನೆರೆಯವರಿಗಾಗಿ ಅದನ್ನು ಇಡುವುದು ಕರ್ತವ್ಯ. ಅನ್ಯರ ಹಣವನ್ನೂ ಗುಟ್ಟನ್ನೂ ನಿರ್ವಹಿಸುವ ಕಚೇರಿಗಳಲ್ಲಿ ಗುರುತುಗಳ ಪಟ್ಟಿಯೊಂದೇ ಸಾಲದು. ಯಂತ್ರದ ನಡತೆಯನ್ನು ಗಮನಿಸಿ ದಾಖಲೆಯಿಡುವ ಕಾವಲು ಅಲ್ಲಿ ಬೇಕಾಗಿದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಪೀಣ್ಯದ ಶೆಡ್ಡುಗಳಲ್ಲಿ ಫ್ಲಾಪಿಯ ಕಾಲದಿಂದ ಇಂದಿನವರೆಗೆ ನಕ್ಷೆಗಳು ಹೇಗೆ ಕೈಯಿಂದ ಕೈಗೆ ಸಾಗಿದವು, ಸೋಂಕು ಬಂದಾಗ ಕೆಲಸವು ಎಷ್ಟು ದಿನ ನಿಂತಿತು, ಯಾರು ಹೇಗೆ ಸರಿಪಡಿಸಿದರು ಎಂಬುದು ಆ ಕಾರ್ಖಾನೆಗಳ ಹಿರಿಯ ಕೆಲಸಗಾರರ ನೆನಪಿನಲ್ಲಿಯೂ ಹಳೆಯ ಖರೀದಿ ರಸೀದಿಗಳಲ್ಲಿಯೂ ಅಡಗಿದೆ. ಶಾಸನಗಳನ್ನು ನಕಲಿಸಲು ಹಳ್ಳಿಹಳ್ಳಿಗೆ ಹೋದ ಹಿರಿಯರ ಶ್ರದ್ಧೆಯಿಂದಲೇ ನಾವು ಈ ರಸೀದಿಗಳ ಬಳಿಗೂ ಹೋಗಬೇಕು. ರಸೀದಿಯ ಕಾಗದಕ್ಕೆ ಕಲ್ಲಿನ ಆಯುಸ್ಸಿಲ್ಲವಾದುದರಿಂದ ಈ ಕೆಲಸವು ಬೇಗನೆ ಆಗಬೇಕಾಗಿದೆ.